ಕಮಲಾಪುರದ ಕೆಸರಿಗೆ ಬಂದ ಬೀಗರು

ಕೆಸರಿನ ಜೊತೆ ಕೆಲಸ ಮಾಡುವವರು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಮನೆ ವಿಚಾರಿಸಿಕೊಂಡು ಬರುತ್ತವೆ. ನಾನು ಕಲಬುರಗಿಯಲ್ಲಿ ಭೂಗರ್ಭಶಾಸ್ತ್ರ ಕಲಿಸುವವಳು. ನೀರು ನಿಂತ ಜಾಗದ ತಳದಲ್ಲಿ ಪದರ ಪದರವಾಗಿ ಕೂತ ಕೆಸರನ್ನು ನೋಡಿ, ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಮಳೆ ಹೇಗಿತ್ತು, ಯಾವ ಗಿಡ ಬೆಳೆಯುತ್ತಿತ್ತು ಎಂದು ಹೇಳುವುದು ನನ್ನ ಕಸುಬು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕೆಸರು ನಮ್ಮದು, ಅದರೊಳಗಿನ ಹೂವಿನ ಪರಾಗ ಹುಡುಕುವವರು ನಾರ್ವೆಯವರು, ವಯಸ್ಸು ಹೇಳುವವರು ಜರ್ಮನಿಯವರು. ಆ ನಾರ್ವೆಯ ಮೇಡಂ ಒಂದು ಬೇಸಿಗೆಯ ಕೊನೆಗೆ ತಾವೇ ಬಂದಿಳಿದರು. ಮುಂಗಾರು ಬಾಗಿಲಿಗೆ ಬಂದಿತ್ತು. ಕೆರೆ ತುಂಬುವುದರೊಳಗೆ ಕೆಸರು ತೆಗೆಯದಿದ್ದರೆ ನಮ್ಮ ಮೂರು ದೇಶದ ಜಂಟಿ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಮಣ್ಣಿಲ್ಲದ ದೇಶ

ಮೇಡಂ ಇಳಿದುಕೊಂಡದ್ದು ಐವಾನ್-ಎ-ಶಾಹಿ ಕಡೆಯ ಅತಿಥಿಗೃಹದಲ್ಲಿ. ಅಲ್ಲಿಂದ ಕಮಲಾಪುರಕ್ಕೆ ಹೋಗಲು ಒಂದು ಜೀಪು ಗೊತ್ತು ಮಾಡಿದ್ದೆ. ಅದರ ಡ್ರೈವರ್ ಹಳೇ ಪರಿಚಯದವನು, ಮಾತಿಗೆ ಬರವಿಲ್ಲ. ಇವರು ಯಾಕೆ ಬಂದಿದ್ದಾರೆ ಎಂದು ಕೇಳಿದ. ಕೆರೆ ಕೆಸರು ಒಯ್ಯಲು ಎಂದೆ. ಅವನು ಕನ್ನಡಿಯಲ್ಲಿ ಮೇಡಂ ಮುಖವನ್ನು ಬಹಳ ಹೊತ್ತು ನೋಡಿದ.

ಊರು ದಾಟಿದ ಮೇಲೆ ದನಿ ತಗ್ಗಿಸಿ, ಪಾಪ, ಅವರ ಮುಲ್ಕಿನಲ್ಲಿ ಮಣ್ಣೇ ಇಲ್ಲವೇನ್ರೀ ಎಂದ. ಅಲ್ಲಿ ಬಹಳ ಕಡೆ ಬರೀ ಹಿಮ, ಬಂಡೆ ಎಂದು ನಾನೂ ಸುಮ್ಮನೆ ಹೇಳಿದೆ. ಅಷ್ಟಕ್ಕೇ ಅವನ ಕರುಳು ಕರಗಿತು.

"ಹಂಗಾದ್ರ ಇಷ್ಟ್ ದೂರದಿಂದ ಬಂದು ಒಂದ್ ಪೈಪ್ ಕೆಸರ್ ಒಯ್ಯೂದು ಚಂದ ಕಾಣಂಗಿಲ್ರಿ ಮೇಡಂ. ನಮ್ಮ ಅಳಿಯಂದು ಟಿಪ್ಪರ್ ಅದ. ತುಂಬಿಸಿ ಕಳಸೂಣ್ರಿ."

ಹಾರ

ಕಮಲಾಪುರದ ಆ ಕೆರೆ ಕಟ್ಟುವ ಮೊದಲೂ ಅಲ್ಲಿ ನೀರು ನಿಲ್ಲುವ ತಗ್ಗು ಇತ್ತೆಂಬುದು ನಮ್ಮ ಅಂದಾಜು. ಉದ್ದನೆಯ ಪೈಪನ್ನು ಕೆಸರಿನೊಳಗೆ ನೆಟ್ಟಗೆ ಇಳಿಸಿ, ಪದರ ಕದಲದಂತೆ ಮೇಲೆತ್ತಬೇಕು. ತಳದಲ್ಲಿರುವುದೇ ಎಲ್ಲಕ್ಕಿಂತ ಹಳೆಯದು. ಬೆಳಗಿನಿಂದ ಬೆವರು ಸುರಿಸಿ ಪೈಪು ಮೇಲೆತ್ತಿದೆವು. ಅದನ್ನು ಸೀಳಿ ನೋಡಿದರೆ ತಟ್ಟತಳದಲ್ಲಿ ಸುಟ್ಟ ಕಡ್ಡಿಯ ಚೂರೊಂದು ಕರ್ರಗೆ ಕೂತಿತ್ತು. ಮೇಡಂ ನನ್ನ ಕೈ ಹಿಡಿದು ಕುಣಿದೇಬಿಟ್ಟರು. ಆ ಚೂರಿದ್ದರೆ ಜರ್ಮನಿಯವರು ಕೆಸರಿನ ವಯಸ್ಸು ಹೇಳಬಲ್ಲರು. ಅದಿಲ್ಲದಿದ್ದರೆ ನಮ್ಮ ಹತ್ತಿರ ಇರುವುದು ಬರೀ ರಾಡಿ.

ಅಷ್ಟರಲ್ಲಿ ಊರ ಹಿರಿಯರೊಬ್ಬರು ನಾಲ್ಕು ಮಂದಿಯನ್ನು ಕರೆದುಕೊಂಡು, ಚೆಂಡುಹೂವಿನ ದೊಡ್ಡ ಹಾರ ಹಿಡಿದು ಬಂದರು. ಪರದೇಶದವರು ಊರಿಗೆ ಬಂದಿದ್ದಾರೆ, ಸತ್ಕಾರ ಮಾಡದೆ ಬಿಡುವುದುಂಟೆ? ಮೇಡಂ ಹಾವು ಕಂಡವರಂತೆ ಹಿಂದೆ ಹಾರಿದರು. ಪರಾಗ ಹುಡುಕುವವರ ಕೆಸರಿನ ಮೇಲೆ ಚೆಂಡುಹೂವು ಕೊಡವಿದರೆ ಇನ್ನೇನು ಉಳಿಯಿತು? ಆ ಹೂವು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದದ್ದೇ ಈಚೆಗೆ. ಅದು ಸಾವಿರಾರು ವರ್ಷಗಳ ಹಿಂದೆಯೇ ಕಮಲಾಪುರದಲ್ಲಿ ಅರಳಿತ್ತು ಎಂದು ಬರೆದರೆ ಜಗತ್ತೇ ನಗುತ್ತದೆ.

ಮೇಡಂ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಲೇ ಇದ್ದರು. ಹಿರಿಯರ ಮುಖ ಬಾಡಿತು. ನನ್ನನ್ನು ಪಕ್ಕಕ್ಕೆ ಕರೆದರು.

"ಹಾರ ಸಣ್ಣದಾಯ್ತಂತ ಸಿಟ್ಟಾಗ್ಯಾರೇನ್ರಿ? ಒಂದ್ ತಾಸು ತಡೀಲಾಕ ಹೇಳ್ರಿ, ಕಲಬುರಗಿಯಿಂದ ಆಳೆತ್ತರದ್ದು ತರಸ್ತೇನಿ."

ಕಡೆಗೆ ಹಾರದ ಬದಲು ಅವರ ಕೈಯಿಂದಲೇ ಮೇಡಂಗೆ ಕೆಂಪು ಬಾಳೆಯ ಗೊನೆ ಕೊಡಿಸಿ ಸಮಾಧಾನ ಮಾಡಬೇಕಾಯಿತು. ಮೇಡಂ ಅದನ್ನು ಕೂಸಿನಂತೆ ಎತ್ತಿಕೊಂಡು ಫೋಟೊಕ್ಕೆ ನಿಂತರು.

ತೇಜಿ

ಕೆಸರನ್ನು ತಂಪಿನಲ್ಲಿ ಇಡಬೇಕು. ನಮ್ಮ ವಿಭಾಗದ ಫ್ರಿಜ್ ಅದೇ ವಾರ ಕೈಕೊಟ್ಟಿತ್ತು. ಕಪನೂರದಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದಿದೆ. ಅದರ ಸಾಹುಕಾರರಿಗೆ ಕೈಮುಗಿದು ಒಂದು ಮೂಲೆ ಕೇಳಿದೆ. ಅವರು ಪ್ಲಾಸ್ಟಿಕ್ ಸುತ್ತಿದ ಕೆಸರಿನ ತುಂಡುಗಳನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿ, ಇಡ್ರಿ ಎಂದರು.

ಎರಡೇ ದಿನಕ್ಕೆ ಅವರೇ ಫೋನ್ ಮಾಡಿದರು. ಏನೋ ಅನಾಹುತವಾಯಿತೆಂದು ಚಪ್ಪಲಿ ಮೆಟ್ಟಿಕೊಂಡೇಬಿಟ್ಟೆ. ಅನಾಹುತ ಏನೂ ಇರಲಿಲ್ಲ. ವ್ಯಾಪಾರಸ್ಥರ ಮನಸ್ಸು, ನಿದ್ದೆ ಬಂದಿರಲಿಲ್ಲ ಅಷ್ಟೇ.

"ಖರೇ ಹೇಳ್ರಿ ಮೇಡಂ. ನಾರ್ವೆದವರು ಖರೀದಿಗೆ ಇಳದಾರಂದ್ರ ಕೆಸರಿಗೆ ತೇಜಿ ಬಂದು ರೇಟ್ ಏರೂದು ಗ್ಯಾರಂಟಿ. ನಾನೂ ಒಂದೀಟು ತುಂಬಿ ಇಟಗೊಳ್ಳೇನ್ರಿ?"

ಎತ್ತಿನ ಕಣ್ಣು

ಆಮೇಲೆ ವಿಭಾಗದ ಫ್ರಿಜ್ ರಿಪೇರಿಯಾಯಿತು. ಕೆಸರಿನ ತುಂಡುಗಳನ್ನೆಲ್ಲ ಅದರಲ್ಲಿ ಜೋಡಿಸಿದೆವು, ತಳದ ತುಂಡಿಗೆ ಮಾತ್ರ ಜಾಗವಾಗಲಿಲ್ಲ. ಸುಟ್ಟ ಕಡ್ಡಿ ಇದ್ದದ್ದು ಅದರಲ್ಲೇ. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಬ್ರಹ್ಮಪುರದ ನಮ್ಮ ಮನೆಗೆ ತಂದು, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಮೇಡಂ ಊಟಕ್ಕೆ ನಮ್ಮಲ್ಲಿಗೆ ಬಂದು, ಕೆಸರು ತೆಗೆದುಕೊಂಡು ಹಾಗೇ ವಿಮಾನ ಹತ್ತುವುದೆಂದು ಗೊತ್ತಾಗಿತ್ತು.

ಬೆಳಿಗ್ಗೆ ವಿಭಾಗಕ್ಕೆ ಹೋಗಿ ಉಳಿದ ಕೆಸರನ್ನೆಲ್ಲ ಪ್ಯಾಕ್ ಮಾಡಿ, ಮೇಡಂ ಜೊತೆ ಮನೆಗೆ ಬಂದೆ. ಪಡಸಾಲೆ ತುಂಬ ಓಣಿಯ ಹೆಣ್ಣುಮಕ್ಕಳು. ನಡುವೆ ಮಣೆಯ ಮೇಲೆ ಕರ್ರಗೆ ಮಿಂಚುವ ಒಂದು ಜೋಡಿ ಮಣ್ಣಿನ ಎತ್ತು, ಹಣೆಗೆ ಕುಂಕುಮ, ಮುಂದೆ ಹೋಳಿಗೆ. ನಮ್ಮ ಅತ್ತೆಯ ಮುಖದಲ್ಲಿ ಇಂಥ ಕಳೆಯನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

"ಪ್ಯಾಟಿ ಎತ್ತಿಗೆ ಜೀವ ಇರಂಗಿಲ್ರೆವ್ವ. ನಮ್ಮ ಸೊಸಿ ನೋಡ್ರಿ, ನನ್ನ ಸಲುವಾಗಿ ಕಮಲಾಪುರದಿಂದ ಕೆರಿ ಮಣ್ಣ ತಂದು, ಒಣಗಬಾರದಂತ ಫ್ರಿಜ್ಜಿನ್ಯಾಗ ಇಟ್ಟಾಳ" ಎಂದು ಎಲ್ಲರಿಗೂ ಹೇಳುತ್ತಿದ್ದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೆ ಅಷ್ಟು ಸಂಭ್ರಮಪಟ್ಟವರ ಮೇಲೆ ಹರಿಹಾಯುವುದು ಹೇಗೆ? ಅತ್ತೀ, ಅದರೊಳಗೆ ಒಂದು ಕರೀ ಕಡ್ಡಿ ಇತ್ತಲ್ಲ ಎಂದು ಕೇಳಿದೆ.

ಇತ್ತು ಎಂದರು ಅತ್ತೆ. ಮುರಿದು ಒಂದು ಎತ್ತಿನ ಕಣ್ಣಿಗೆ ಇಟ್ಟಿದ್ದರಂತೆ. ಒಂದೇ ಕಣ್ಣಿಗೆ ಸಾಕಾದದ್ದರಿಂದ ಇನ್ನೊಂದು ಕಣ್ಣಿಗೆ ಧೂಪದ ಇದ್ದಲಿ. ಅದರ ಜೊತೆಯ ಎತ್ತಿಗೆ ಮಾತ್ರ ಜೋಳದ ಕಾಳಿನ ಕಣ್ಣು. ಕಡ್ಡಿ ಯಾವ ಕಡೆಯದು, ಎಡಕ್ಕೋ ಬಲಕ್ಕೋ ಎಂದರೆ, ಅದನ್ನೆಲ್ಲ ಯಾರು ನೆನಪಿಡುತ್ತಾರೆ ಎಂದುಬಿಟ್ಟರು. ನಾನು ಬಗ್ಗಿ ನೋಡಿದೆ, ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಎರಡೂ ಕಣ್ಣು ಒಂದೇ ಕರಿ.

ಮೇಡಂ ನೆಲದ ಮೇಲೆ ಕೂತು, ಅತ್ತೆಗೆ ಕೈಮುಗಿದು, ಆ ಎರಡು ಕಣ್ಣು ಕೊಡಿಸು ಎಂದು ನನಗೆ ಹೇಳಿದರು. ನಾನು ಅನುವಾದ ಮಾಡಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಅತ್ತೆಯ ಮುಖ ನೋಡಿದರು. ಪೂಜೆಯಾದ ಎತ್ತಿನ ಕಣ್ಣು ಕೀಳುವುದೆಂದರೇನು? ಮನೆಗೆ ಬಂದವರನ್ನು ಹಬ್ಬದ ದಿನ ಬರಿಗೈಲಿ ಕಳಿಸುವುದೆಂದರೇನು? ಅತ್ತೆ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟರು.

"ಕಣ್ಣ ಒಯ್ಯಲಿ. ಆದ್ರ ಕುರುಡ ಎತ್ತ ಮನ್ಯಾಗ ಇಡಾಕ ಬರಂಗಿಲ್ಲ, ಎತ್ತನ್ನೂ ಒಯ್ಯಲಿ. ಒಂಟಿ ಎತ್ತ ಕೊಡಬಾರದು, ಜೋಡೀನೂ ಒಯ್ಯಲಿ."

ಮೂರು ದೇಶದವರು ಎಷ್ಟೋ ಮೀಟಿಂಗ್ ಮಾಡಿ ಬಗೆಹರಿಸಿದ್ದ ಕೆಸರಿನ ಹಂಚಿಕೆಯನ್ನು ಅತ್ತೆ ಒಂದೇ ಉಸಿರಿಗೆ ಮುಗಿಸಿದರು. ಎತ್ತುಗಳು ಹತ್ತಿಯಲ್ಲಿ ಕೂತು, ಹೋಳಿಗೆ ಡಬ್ಬಿಯ ಜೊತೆ ನಾರ್ವೆಗೆ ಹೋದವು. ಅಲ್ಲಿ ಮೇಡಂ ಎರಡೂ ಕಣ್ಣು ಬಿಡಿಸಿ ಜರ್ಮನಿಗೆ ಕಳಿಸಿದರು. ಅವರು ಸುಳ್ಳು ಬರೆಯುವವರಲ್ಲ. ಒಂದು ಶೀಶೆಯ ಮೇಲೆ ಎತ್ತಿನ ಎಡಗಣ್ಣು, ಇನ್ನೊಂದರ ಮೇಲೆ ಎತ್ತಿನ ಬಲಗಣ್ಣು ಎಂದೇ ಬರೆದಿದ್ದರು.

ದೀಪಾವಳಿ ಹೊತ್ತಿಗೆ ಉತ್ತರ ಬಂತು. ಎಡಗಣ್ಣು ಸಾವಿರಾರು ವರ್ಷ ಹಳೆಯದು. ಕೆಸರಿಗೆ ವಯಸ್ಸು ಸಿಕ್ಕಿತು, ನಮ್ಮ ಕೆಲಸ ಉಳಿಯಿತು. ನಾನು ಫೋನ್ ಹಿಡಿದುಕೊಂಡೇ ಅತ್ತೆಯನ್ನು ತಬ್ಬಿಕೊಂಡೆ.

ಆದರೆ ಆ ಜರ್ಮನಿಯವರು ಭಾರೀ ಗಂಭೀರ ಮನುಷ್ಯ. ವಿಡಿಯೊ ಕಾಲ್ ಮಾಡಿ, ನನ್ನ ಸೇವೆಯಲ್ಲಿ ಇಂಥ ಪ್ರಾಣಿ ಕಂಡಿಲ್ಲ, ಎಡಗಣ್ಣು ಅಷ್ಟು ಪ್ರಾಚೀನ, ಬಲಗಣ್ಣು ಮಾತ್ರ ಹೊಚ್ಚ ಹೊಸದು, ಒಂದೇ ಎತ್ತಿಗೆ ಇದು ಹೇಗೆ ಸಾಧ್ಯ ಎಂದು ಕೇಳಿದರು. ಪಕ್ಕದಲ್ಲಿ ಚಹಾ ಸೋಸುತ್ತಿದ್ದ ಅತ್ತೆ ಏನಂತೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅವರು ಜಾಲರಿ ಕೆಳಗಿಡಲೂ ಇಲ್ಲ.

"ಬಲಗಣ್ಣು ಆಪರೇಶನ್ ಆಗ್ಯದ ಅಂತ ಹೇಳವ್ವ ಅವರಿಗೆ."