ಹುಟ್ಟದ ಕುರ್ಚಿಗೊಂದು ಜಾತಕ

ಕಂಪ್ಯೂಟರಿಗೆ ಬಾಯಿ ಇದ್ದಿದ್ರ, ಇಲಕಲ್ಲಿನ ನಮ್ಮ ದೊಡ್ಡಪ್ಪ ಬರೂದು ಕಂಡ ಕೂಡ್ಲೆ "ನಾ ಊರಾಗಿಲ್ಲ ಅಂತ ಹೇಳ್ರಿ" ಅಂತಿತ್ತು! ಅಷ್ಟು ಪ್ರಶ್ನೆ ಕೇಳ್ತಾರ ನೋಡ್ರಿ ನಮ್ಮ ದೊಡ್ಡಪ್ಪ.

ಇದರಾಗ ನನ್ನ ತಪ್ಪೂ ಐತಿ. ನಾ ಬಾಗಲಕೋಟ್ಯಾಗ ಒಂದು ಎಂಜಿನಿಯರಿಂಗ್ ಕಾಲೇಜಿನ್ಯಾಗ ಪಾಠ ಹೇಳ್ತೇನಿ. ನಾನೂ ನನ್ನ ವಿದ್ಯಾರ್ಥಿಗಳೂ ಕೂಡಿ ಒಂದು ಮಷೀನ್ ಲರ್ನಿಂಗ್ ಪ್ರೋಗ್ರಾಂ ಮಾಡೀವಿ. ಯಾವುದೇ ಸಾಮಾನು ತಯಾರಾಗೂಕಿಂತ ಮೊದಲ, ಅದರ ಕಚ್ಚಾ ನಕ್ಷೆ ತೋರಿಸಿ, ಯಾವುದರಲೆ ಮಾಡ್ತೀರಿ, ಎಷ್ಟು ತೂಕ ಅಂತ ಹೇಳಿದ್ರ ಸಾಕು. ಅದಕ್ಕ ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಹೊಗಿ ಆಗತೈತಿ ಅಂತ ಅಂದಾಜು ಹೇಳತೈತಿ. ರಾಶಿಗಟ್ಟಲೆ ಹಳೇ ಸಾಮಾನಿನ ವಿವರ ಓದಿ ಓದಿ ಕಲ್ತೈತಿ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬಾರದು ಅಂತಾರಲ್ಲ, ನಮ್ಮ ಉದ್ಯೋಗನ ಕುಲಾಯಿ ಹೊಲಿಯೂದು!

ದೊಡ್ಡಪ್ಪ ಮಗ್ಗ ಮಾಡೂ ಬಡಿಗ್ಯಾರು. ಹೋದ ವರ್ಷ ದೊಡ್ಡವ್ವ ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡ್ಲು. ಆಪರೇಷನ್ ಆತು, ಈಗ ಕೋಲು ಹಿಡಕೊಂಡು ಅಡ್ಡಾಡ್ತಾಳ. ಆದ್ರ ಐವತ್ತು ವರ್ಷ ಸೀರಿ ನೇಯ್ದ ಮಗ್ಗಕ್ಕ ಮಾತ್ರ ಇಳಿಯಾಕ ಆಗವಲ್ದು. ಕುಣಿ ಮಗ್ಗ ಅದು, ನೆಲದಾಗ ತೋಡಿದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ನೇಯಬೇಕು. ಅರ್ಧ ನೇಯ್ದ ಸೀರಿ ಹಂಗ ಐತಿ. ಆಕಿ ದಿನಾ ಮುಂಜಾನಿ ಅದರ ಮ್ಯಾಲಿನ ಧೂಳಾ ಹೊಡೀತಾಳ. ಆಕೀನ ಮೆಲ್ಲಕ ಕುಣಿಯೊಳಗ ಇಳಿಸಿ ಮೆಲ್ಲಕ ಎತ್ತೂ ಒಂದು ಕುರ್ಚಿ ಮಾಡಬೇಕಂತ ದೊಡ್ಡಪ್ಪನ ಹಟ.

ಒಂದು ಸಲ ಪ್ರೋಗ್ರಾಂ ತೋರಿಸಿದೆ ನೋಡ್ರಿ, ಮುಗೀತು! ಪ್ರತಿ ಶನಿವಾರ ಹುನಗುಂದದ ಮ್ಯಾಲೆ ಹಾದು ಬರೂ ಬಸ್ ಹಿಡದು, ಹೊಸಾ ನಕ್ಷೆ ಸುರುಳಿ ಸುತ್ತಿಕೊಂಡು ಹಾಜರ್. ಕಂಡಕ್ಟರ್ ಸುದ್ದಾ "ಕುರ್ಚಿ ಅಜ್ಜಾರು ಬಂದ್ರು, ಜಾಗಾ ಕೊಡ್ರಿ" ಅಂತಾನಂತ.

"ಕಬ್ಬಿಣಕ್ಕ ಇದು ಯಾಕ ಇಷ್ಟು ಹೊಗಿ ತೋರಸ್ತೈತಿ?"

"ಕಾಯಿಸಿ ಕರಗಸ್ತಾರಲ್ರಿ, ದೊಡ್ಡಪ್ಪಾ."

"ಎಲ್ಲೆ? ಯಾವುದರಾಗ? ಇದು ಖುದ್ದ ಹೋಗಿ ನೋಡೇತೇನು?"

"ಇಲ್ರಿ, ಓದೇತಿ ಅಷ್ಟ."

"ಹಂಗಾರ ನಿನ್ನಂಗ ಬಿಡು, ಯವ್ವಾ!"

ಒಂದಿನ ಕುರ್ಚಿ ಬಿಟ್ಟು, ಯಂತ್ರದ ಶಾಣ್ಯಾತನ ಪರೀಕ್ಷಾ ಮಾಡಾಕಂತ ಜೋಳದ ರೊಟ್ಟಿ ಚಿತ್ರ ಬರಕೊಂಡು ಬಂದ್ರು. ಪಾಪ, ನಮ್ಮ ಪ್ರೋಗ್ರಾಂ ಹುಟ್ಟಿದಾಗಿಂದ ಕಂಡದ್ದೆಲ್ಲ ಕಾರಖಾನಿ ಸಾಮಾನ. 'ತಗಡಿನ ಮುಚ್ಚಳ' ಅಂದುಬಿಡ್ತು! ಮನಿಗೆ ಹೋಗಿ ಹೇಳಿದ್ರ ದೊಡ್ಡವ್ವ ನಗಲಿಲ್ಲಂತ. "ಅದರದೇನು ತಪ್ಪೈತ್ರಿ? ನಿಮ್ಮ ತಂಗಿ ಮಾಡಿದ ರೊಟ್ಟಿ ನೋಡಿರಬೇಕು" ಅಂದ್ಲಂತ.

ಕುರ್ಚಿ ಎಷ್ಟು ಭಾರ ತಡೀಬೇಕು ಅಂತ ನಾ ಕೇಳಿದ್ದಕ್ಕ ಇನ್ನೊಂದು ರಗಳಿ. ದೊಡ್ಡಪ್ಪ ನೆಟ್ಟಗ ಹೋಗಿ "ನಿನ್ನ ತೂಕ ಎಷ್ಟು?" ಅಂತ ಹೆಂಡ್ತೀನ ಕೇಳ್ಯಾರ! "ಅದನ್ನ ಲಗ್ನದಾಗ ಕೇಳಬೇಕಿತ್ತು. ಈಗ ವಾಪಸ್ ಕರಕೊಳ್ಳಾಕ ತವರಾಗ ಯಾರೂ ಇಲ್ಲ!" ಅಂತ ಉತ್ತರ ಬಂತು. ಕಡೀಕ ನಾನ ಒಂದು ಅಂದಾಜು ಹಾಕಿದೆ.

ಹಿಂಗ ಹನ್ನೊಂದು ನಕ್ಷೆ ಆದ್ವು. ಕಬ್ಬಿಣ ಹೋಗಿ ಬಿದಿರು ಬಂತು, ಬಿದಿರು ಹೋಗಿ ಹಳೇ ಮಗ್ಗ ಬಿಚ್ಚಿದ ಸಾಗವಾನಿ ಕಟಗಿ ಬಂತು. ಹೊಗಿ ಅಂದಾಜು ಇಳಕೋತ ಇಳಕೋತ ಹೋತು, ಕುರ್ಚಿ ಮಾತ್ರ ಹುಟ್ಟವಲ್ದು! ಪ್ರತಿ ಸಲ ಎಲ್ಲಾ ತುಂಬಿ ಪರದೆ ಮ್ಯಾಲಿನ ಕಡೀ ಖಾನೆಗೆ ಬರೂದಕ್ಕೂ ದೊಡ್ಡಪ್ಪ "ಇದು ಸರಿ ಇಲ್ಲ ಬಿಡು" ಅಂತ ನಕ್ಷೆ ಸುತ್ತಿ ಎದ್ದುಬಿಡ್ತಿದ್ರು. ನನಗ ಸಿಟ್ಟು ಬಂತು. ಅಲ್ಲೆ ದೊಡ್ಡವ್ವ ದಾರಿ ಕಾಯ್ಕೋತ ಕುಂತಾಳ, ಇಲ್ಲೆ ಇವರಿಗೆ ಆಟ!

ಹೋದ ರವಿವಾರ ಲ್ಯಾಪ್‌ಟಾಪ್ ತಗೊಂಡು ನಾನ ಇಲಕಲ್ಲಿಗೆ ಹೋದೆ. ಮಗ್ಗದ ಬಾಜೂಕ ಕುಂತು, "ಇವತ್ತು ಮುಗಸೂಣ್ರಿ" ಅಂದೆ. ಕಟಗಿ, ತೂಕ, ಅಳತಿ ಎಲ್ಲಾ ತುಂಬಿದೆ. ಕಡೀ ಖಾನೆ ಬಂತು. ಉಳಿದದ್ದು ಯಂತ್ರ ಹೆಂಗರ ಅಂದಾಜು ಮಾಡತೈತಿ, ಇದೊಂದು ಮಾತ್ರ ನಾವ ಹೇಳಬೇಕು: ಈ ಸಾಮಾನು ಎಷ್ಟು ವರ್ಷ ಬಳಸ್ತೀರಿ? ಹೆಚ್ಚು ವರ್ಷ ಬಳಸಿದಷ್ಟು ಭೂಮಿಗೆ ವರ್ಷದ ಭಾರ ಕಡಿಮಿ.

ದೊಡ್ಡಪ್ಪ ನಕ್ಷೆ ಸುತ್ತಾಕ ಕೈ ಹಾಕಿ, ಮತ್ತ ಕೆಳಗ ಇಟ್ರು.

"ಆಕೀಗೆ ಎಪ್ಪತ್ನಾಕು, ಯವ್ವಾ" ಅಂದ್ರು ಮೆಲ್ಲಕ. "ಇಲ್ಲೆ ಎಷ್ಟಂತ ಬರಸಲಿ? ನನ್ನ ಬಾಯಿಲೆ ಆ ಅಂಕಿ ಹ್ಯಾಂಗ ಹೇಳಲಿ?"

ಹನ್ನೊಂದು ನಕ್ಷೆ ಯಾಕ ಸರಿ ಇರಲಿಲ್ಲ ಅಂತ ನನಗ ಆಗ ತಿಳೀತು. ಸಿಟ್ಟು ಮಾಡಿಕೊಂಡಿದ್ದಕ್ಕ ನಾಚಿಕಿ ಬಂತು, ಕಣ್ಣಾಗ ನೀರು ಬಂದ್ವು.

ಒಳಗಿಂದ ಎಲ್ಲಾ ಕೇಳಿಸಿಕೊಂಡಿದ್ದ ದೊಡ್ಡವ್ವ ಕೋಲು ಊರಿಕೋತ ಬಂದ್ಲು.

"ಇಪ್ಪತ್ತು ಬರಿ, ಯವ್ವಾ."

"ಇಪ್ಪತ್ತ?" ಅಂದೆ ನಾ.

"ಹೂಂ. ನಾ ಎಷ್ಟು ದಿನ ಕುಂದ್ರತೇನೋ ಅಷ್ಟು ದಿನ ಕುಂದ್ರತೇನಿ. ಆಮ್ಯಾಲೆ ಇವರು ಕುಂದ್ರಲಿ."

"ನನಗೆಲ್ಲಿ ನೇಯಾಕ ಬರತೈತಿ?" ಅಂದ್ರು ದೊಡ್ಡಪ್ಪ.

"ಅದಕ್ಕ ಹೇಳೂದು, ಲಗೂನ ಮಾಡ್ರಿ ಕುರ್ಚಿ. ನಿಮಗ ಕಲಿಸಾಕ ನನಗ ಟೈಮ್ ಬೇಕಲ್ಲ!"

ದೊಡ್ಡಪ್ಪ ಕಣ್ಣು ಒರಸಿಕೊಂಡು, ಗ್ವಾಡಿಗೆ ಹಾಕಿದ್ದ ಗರಗಸ ತಗೊಂಡ್ರು.