ಬಾಡಿಗೆ ಅರ್ತಿಲ್ಲ ಸಾ

ಕ್ರಮಪ್ರಕಾರ ಹುಡುಕಿದರೆ ಸಿಗದ ದೋಷ ಈ ಲೋಕದಲ್ಲಿ ಯಾವುದೂ ಇಲ್ಲವೆಂಬುದು ನನ್ನ ದೃಢ ನಂಬಿಕೆಯಾಗಿತ್ತು. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು ನಾನು. ಆಮೇಲೆ ನಂಜನಗೂಡಿನ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಮೇಷ್ಟ್ರಾಗಿ, ಕೊನೆಗೆ ಹೆಡ್‌ಮಾಸ್ಟರಾಗಿ, ಅದೇ ಗಂಟೆಯನ್ನು ಬೇರೆಯವರ ಕಿವಿಗೆ ಹೊಡೆಸಿ ನಿವೃತ್ತನಾದೆ. ಸಾವಿರಾರು ಮಕ್ಕಳ ಕಾಗುಣಿತದ ತಪ್ಪು ಹಿಡಿದವನಿಗೆ ಒಂದು ಸಣ್ಣ ಕಾರಿನ ತಪ್ಪು ಯಾವ ದೊಡ್ಡದು?

ಆದ್ದರಿಂದ ಕಾರಿನ ಮೀಟರಿನ ಮುಳ್ಳು ಬಿದ್ದಾಗ ನಾನು ಎದೆಗುಂದಲಿಲ್ಲ.

ಟಿ. ನರಸೀಪುರದ ಕಡೆ ಹೋಗುತ್ತಿದ್ದೆವು. ಚೆನ್ನಾಗಿ ಓಡುತ್ತಿದ್ದ ಕಾರಿನಲ್ಲಿ ವೇಗದ ಮುಳ್ಳು ದೊಪ್ಪೆಂದು ಸೊನ್ನೆಗೆ ಬಿತ್ತು. ಪೆಟ್ರೋಲಿನ ಮುಳ್ಳು ಅದನ್ನು ಹಿಂಬಾಲಿಸಿತು. ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡು ಡ್ಯಾಶ್‌ಬೋರ್ಡು ಮದುವೆ ಚಪ್ಪರದಂತಾಯಿತು! ಕಾರು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಓಡುತ್ತಲೇ ಇತ್ತು. ಪಕ್ಕದಲ್ಲಿ ತೂಕಡಿಸುತ್ತಿದ್ದ ನನ್ನ ಹೆಂಡತಿ ರತ್ನಳನ್ನು ತಟ್ಟಿ ಎಬ್ಬಿಸಿದೆ.

"ನೋಡೇ ಇಲ್ಲಿ!"

ಅವಳು ಕಣ್ಣು ಬಿಡುವಷ್ಟರಲ್ಲಿ ಮುಳ್ಳುಗಳೆಲ್ಲ ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ದೀಪಗಳು ಆರಿದ್ದವು. ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದಾಗ ತರಗತಿ ಕೈಕಟ್ಟಿ ಕೂತಿರುತ್ತದಲ್ಲ, ಹಾಗೆ.

"ಏನ್ರೀ ನೋಡೋದು? ನೀವು ರಸ್ತೆ ನೋಡಿ" ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು. ಮುಳ್ಳು ಮತ್ತೆ ಬಿತ್ತು!

ಇದೇ ಅದರ ಚಾಳಿಯಾಯಿತು. ನಾನೊಬ್ಬನೇ ನೋಡುವಾಗ ಬೀಳುವುದು. ಇನ್ನೊಬ್ಬರನ್ನು ಕರೆದರೆ ಎದ್ದು ನಿಲ್ಲುವುದು. ಮೈಸೂರಿಗೆ ಒಯ್ದು ಸರ್ವಿಸಿಗೆ ಬಿಟ್ಟೆ. ಅವರು ಕಂಪ್ಯೂಟರ್ ಸಿಕ್ಕಿಸಿ, ಕಾರು ಆರೋಗ್ಯವಾಗಿದೆಯೆಂದು ಪ್ರಮಾಣೀಕರಿಸಿ, ತೊಳೆದು ಕಳಿಸಿದರು. ವಾಪಸು ಬರುತ್ತ ನಮ್ಮೂರ ಸೇತುವೆ ದಾಟುವಷ್ಟರಲ್ಲಿ ಮುಳ್ಳು ಬಿತ್ತು.

ನನ್ನ ಭಾವಮೈದುನ ನಾಗರಾಜು ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಕ್ಕನ ಮೇಲೆ ಬಹಳ ಪ್ರೀತಿ. ಆ ಪ್ರೀತಿಯಿಂದಲೇ ಅವನು, "ಭಾವ, ಒಂದ್ಸಲ ಕಣ್ ತೋರಿಸ್ಕಳಿ" ಎಂದ. ತೋರಿಸಿದೆ. ಕಣ್ಣು ಚೆನ್ನಾಗಿದೆ ಎಂದರು.

ರತ್ನ ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಶಾಂತವಾಗಿ ಹೇಳಿದಳು: "ಕಾರು ಸರಿ ಇದೆ ಅಂದ್ರು. ಕಣ್ಣೂ ಸರಿ ಇದೆ ಅಂದ್ರು. ಇನ್ನು ಉಳಿದಿರೋದೇನು, ನೀವೇ ಹೇಳಿ."

ಉಳಿದಿದ್ದು ನನ್ನ ತಲೆ!

ಅಕ್ಕ ತಮ್ಮ ಫೋನಿನಲ್ಲೇ ತೀರ್ಮಾನ ಮಾಡಿದರು. ಇಲ್ಲದ್ದನ್ನು ಕಾಣುವವರ ಕೈಯಲ್ಲಿ ಕಾರು ಇರಬಾರದು. ಬರುವ ಭಾನುವಾರ ನಾಗರಾಜು ಬಂದು ಕೀ ತೆಗೆದುಕೊಂಡು ಹೋಗುವುದು. ನನಗೆ ಎಲ್ಲಿಗಾದರೂ ಹೋಗಬೇಕೆನಿಸಿದರೆ ಅವನಿಗೆ ಫೋನ್ ಮಾಡುವುದು. ಜೀವಮಾನವಿಡೀ ಬೇರೆಯವರಿಗೆ ರಜೆ ಮಂಜೂರು ಮಾಡಿದವನು ನಾನು. ಇನ್ನು ಪೇಟೆಗೆ ಹೋಗಲು ಭಾವಮೈದುನನ ಅನುಮತಿ! ಭಾನುವಾರದೊಳಗೆ ದೋಷವನ್ನು ನಾನೇ ಕಂಡುಹಿಡಿದು ನಾನೇ ಸರಿಪಡಿಸುವುದಾಗಿ ಪಣ ತೊಟ್ಟೆ.

ನಮ್ಮ ಬಸ್ ಸ್ಟ್ಯಾಂಡಿನ ಬಳಿ ಸಿದ್ದರಾಜು ಎಂಬ ಕಾರಿನ ಎಲೆಕ್ಟ್ರಿಷಿಯನ್ ಇದ್ದಾನೆ. ಕಾರಿಗೆ ಹಾಡಿನ ಸೆಟ್ ಕೂರಿಸಿದವನೂ ಅವನೇ. ಎಂದು ಫೋನ್ ಮಾಡಿದರೂ "ಬತ್ತಾ ಇವ್ನಿ ಸಾ, ಸೇತುವೆ ತಾವ ಇವ್ನಿ" ಎನ್ನುತ್ತಾನೆ. ಅವನು ಆ ಸೇತುವೆ ದಾಟಿದ್ದನ್ನು ನೋಡಿದವರಿಲ್ಲ. ಆದ್ದರಿಂದ ಫೋನಿನಲ್ಲೇ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿ, ಕಾರಣ ಕೇಳಿದೆ. ಆ ಕಡೆ ಯಾವುದೋ ಲಾರಿ ಗುರ್ರೆನ್ನುತ್ತಿತ್ತು.

"ಬಾಡಿಗೆ ಅರ್ತಿಲ್ಲ ಸಾ!" ಎಂದು ಅವನು ಕೂಗಿದ.

"ಬಾಡಿಗೆ ಕಾರಲ್ಲಪ್ಪ ಇದು, ಸ್ವಂತದ್ದು."

"ಅಯ್ಯೋ, ಆ ಬಾಡಿಗೆ ಅಲ್ಲ ಸಾ. ಬಾಡಿ, ಬಾಡಿ! ಬಾಡಿಗೆ ಅರ್ತಿಲ್ಲ. ಅದ್ಕೇ ಇದ್ದಕ್ಕಿದ್ದಂಗೆ ಓಯ್ತದೆ, ಇದ್ದಕ್ಕಿದ್ದಂಗೆ ಬತ್ತದೆ."

ಆ ಮಾತನ್ನು ಮನಸ್ಸಿನಲ್ಲೇ ಗ್ರಂಥಭಾಷೆಗೆ ತಿರುಗಿಸಿಕೊಂಡೆ. ದೇಹಕ್ಕೆ ಅರ್ಥವಿಲ್ಲ, ಅದು ಇದ್ದಕ್ಕಿದ್ದಂತೆ ಹೋಗುತ್ತದೆ, ಇದ್ದಕ್ಕಿದ್ದಂತೆ ಬರುತ್ತದೆ! ಸ್ಪ್ಯಾನರ್ ಹಿಡಿದವನ ಬಾಯಲ್ಲಿ ಎಂಥ ವೇದಾಂತ! ಆದರೆ ವೇದಾಂತವೆಂದು ಉಚ್ಚಾರಣೆಯನ್ನು ಕ್ಷಮಿಸಲಾಗುತ್ತದೆಯೇ?

"ಅರ್ತ ಅಲ್ಲಪ್ಪ, ಅರ್ಥ. ಮಹಾಪ್ರಾಣ. ಎದೆಯಿಂದ ಹೇಳು."

"ಅದೇ ಸಾ, ಅರ್ತು. ಮೊದ್ಲು ಅರ್ತ್ ಮಾಡ್ಕಳಿ. ಆಮೇಲೆ ಎಲ್ಲಾ ಸರಿ ಓಯ್ತದೆ" ಎಂದು ಫೋನ್ ಇಟ್ಟ.

ಮಾತು ಒರಟಾದರೂ ಸಲಹೆ ಸರಿಯೆನಿಸಿತು. ಮೊದಲು ಅರ್ಥ ಮಾಡಿಕೊಳ್ಳಬೇಕು. ಆಮೇಲೆ ಎಲ್ಲ ಸರಿಹೋಗುತ್ತದೆ. ನಾನೂ ಮಕ್ಕಳಿಗೆ ಅದನ್ನೇ ಹೇಳುತ್ತಿದ್ದೆನಲ್ಲವೇ!

ಅರ್ಥ ಮಾಡಿಕೊಳ್ಳಲು ಕೂತೆ. ಕಾರಿನ ಜೊತೆ ಬಂದ ಪುಸ್ತಕವನ್ನು ಮುನ್ನುಡಿಯಿಂದ ಓದಿದೆ. ಆಮೇಲೆ ಅಂಗಳದಲ್ಲಿ ಚಾಪೆ ಹಾಸಿ, ಡ್ಯಾಶ್‌ಬೋರ್ಡನ್ನು ಕ್ರಮಪ್ರಕಾರ ಬಿಚ್ಚಿದೆ. ಬಿಚ್ಚಿದ ಸ್ಕ್ರೂಗಳು ಕಲಸಿಹೋಗದಂತೆ ಅಡುಗೆಮನೆಯ ಸ್ಟೀಲ್ ಬಟ್ಟಲುಗಳಲ್ಲಿ ಕ, ಖ, ಗ, ಘ ಎಂದು ಚೀಟಿ ಅಂಟಿಸಿ ಇಟ್ಟೆ. 'ಘ' ಬಟ್ಟಲು ಯಾವ ಮಾಯದಲ್ಲೋ ಅಡುಗೆಮನೆಗೆ ವಾಪಸು ಹೋಗಿತ್ತು. ಅಂದಿನ ಹುಳಿಯಲ್ಲಿ ನನಗೊಂದು ಸ್ಕ್ರೂ ಸಿಕ್ಕಿತು.

"ಕಚ್ಚಬೇಡಿ, ಹಲ್ಲಿಗೂ ನಾಗರಾಜೂನೇ ಕರ್ಕೊಂಡು ಹೋಗಬೇಕಾಗುತ್ತೆ" ಎಂದಳು ರತ್ನ.

ಎಲ್ಲವನ್ನೂ ಅರ್ಥ ಮಾಡಿಕೊಂಡು ಮತ್ತೆ ಜೋಡಿಸಿದೆ. ಕೆಲವು ಸ್ಕ್ರೂ ಉಳಿದವು. ಅವು ಹೆಚ್ಚುವರಿಯೆಂದು ತೀರ್ಮಾನಿಸಿದೆ. ಕೀ ತಿರುಗಿಸಿದೆ. ಮುಳ್ಳು ಎದ್ದಿತು, ಬಿತ್ತು, ಎದ್ದಿತು. ಹೊಸದಾಗಿ ಇನ್ನೊಂದು ಬೆಳವಣಿಗೆಯೂ ಕಂಡುಬಂತು. ಬಲಗಡೆಯ ಇಂಡಿಕೇಟರ್ ಹಾಕಿದರೆ ಹಾಡಿನ ಸೆಟ್ಟು ಶುರುವಾಗುತ್ತಿತ್ತು. ಇಂಡಿಕೇಟರ್ ಮಿಟುಕಿದಂತೆ ಭಕ್ತಿಗೀತೆಯೂ ಮಿಟುಕುತ್ತಿತ್ತು!

ಸಿದ್ದರಾಜುವಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ರತ್ನಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಅವಳು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಸಿದ್ದರಾಜು, ಪೂರ್ತಿ ಅರ್ಥ ಮಾಡಿಕೊಂಡೆ. ಆದರೂ ಬೀಳ್ತಿದೆಯಲ್ಲಪ್ಪ?"

"ಸರಿಯಾಗಿ ಮಾಡಿಲ್ಲ ಸಾ ನೀವು. ಅರ್ತ್ ಟೈಟಾಗಿ ಮಾಡ್ಬೇಕು. ಲೂಸಾದ್ರೆ ಇಂಗೇಯ."

"ಅರ್ಥವನ್ನು ಟೈಟಾಗಿ ಮಾಡೋದು ಹೇಗಪ್ಪ?"

ಅವನು ಉತ್ತರಿಸುವ ಮೊದಲೇ ರತ್ನಳ ಮೊರದಿಂದ ಅವರೆಕಾಳು ನೆಲಕ್ಕೆ ಚೆಲ್ಲಿತು. ಅವಳು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಪಕ್ಕದ ಕಳಲೆ ಹಳ್ಳಿಯವಳು; ನಮ್ಮ ಸೀಮೆಯ ಮಾತು ನನಗಿಂತ ಚೆನ್ನಾಗಿ ಅವಳ ಕಿವಿಗೆ ಬೀಳುತ್ತದೆ.

"ರೀ! ಅದು ನಿಮ್ಮ ಅರ್ಥ ಅಲ್ಲ ಕಣ್ರೀ, ಅರ್ತು! ಕರೆಂಟಿನ ಅರ್ತು! ನಮ್ಮೂರ ಮನೇಲಿ ಗ್ರೈಂಡರ್ ಷಾಕ್ ಹೊಡೀತದೆ ಅಂತ ನಮ್ಮಪ್ಪ ಹಿತ್ತಲಲ್ಲಿ ಗುಂಡಿ ತೋಡ್ಸಿ, ಉಪ್ಪು ಇದ್ದಿಲು ತುಂಬಿ ತಂತಿ ಹೂಳಿಸಿರಲಿಲ್ವಾ? ಅದು!"

ಮಹಾಪ್ರಾಣಕ್ಕಾಗಿ ಒದ್ದಾಡಿದ್ದು ಇಂಗ್ಲಿಷ್ ಪದದ ಜೊತೆ! ಆದರೆ ನಾನು ಅವಮಾನಕ್ಕೆ ಸಮಯ ಕೊಡಲಿಲ್ಲ. ತಕ್ಷಣ ಶಾಸ್ತ್ರೀಯವಾಗಿ ಯೋಚಿಸಿದೆ. ಅರ್ತ್ ಎಂದರೆ ಭೂಮಿ. ಮನೆ ಭೂಮಿಯ ಮೇಲೆ ನಿಂತಿದೆ. ಗುಂಡಿ ತೋಡಿದರೆ ಆಯಿತು. ಕಾರು ನಿಂತಿರುವುದು ರಬ್ಬರಿನ ಮೇಲೆ. ಪಾಪ, ಅದಕ್ಕೆ ಭೂಸ್ಪರ್ಶವೇ ಇಲ್ಲ! ಗುಂಡಿಯನ್ನು ಜೊತೆಯಲ್ಲಿ ಒಯ್ಯಲಾಗದು. ಹಾಗಾದರೆ ದಾರಿ? ಪೆಟ್ರೋಲ್ ಟ್ಯಾಂಕರುಗಳು ಹಿಂದೆ ಒಂದು ಸರಪಳಿ ಎಳೆದುಕೊಂಡು ಹೋಗುವುದು ಕಣ್ಣಮುಂದೆ ಬಂತು. ಸಿಕ್ಕಿತು!

ಪೇಟೆಗೆ ನಡೆದುಹೋಗಿ ಹಸು ಕಟ್ಟುವ ಸರಪಳಿ ತಂದೆ. ಒಂದು ತುದಿಯನ್ನು ಡ್ಯಾಶ್‌ಬೋರ್ಡಿನ ಕೆಳಗೆ, ವೈರುಗಳ ಕಂತೆಯ ಪಕ್ಕದ ಬೋಲ್ಟಿಗೆ ಬಿಗಿದೆ. ಟೈಟಾಗಿ! ಇನ್ನೊಂದು ತುದಿಯನ್ನು ಬಾಗಿಲ ಕೆಳಗಿನಿಂದ ನೆಲಕ್ಕೆ ಬಿಟ್ಟೆ. ಕೀ ತಿರುಗಿಸಿದರೆ ಮುಳ್ಳು ಅಲುಗಾಡದೆ ನಿಂತಿತು. ಡ್ಯಾಶ್‌ಬೋರ್ಡಿಗೆ ಗುದ್ದಿದೆ. ನಿಂತೇ ಇತ್ತು!

ಭಾನುವಾರ ನಾಗರಾಜು ಬಸ್ಸಿನಲ್ಲಿ ಬಂದ. ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, "ಭಾವ, ಬೇಜಾರ್ ಮಾಡ್ಕಬೇಡಿ, ಕೀ..." ಎಂದ.

"ಕೊಡ್ತೀನಪ್ಪ. ಒಂದೇ ಷರತ್ತು. ನಿಮ್ಮೂರ ತನಕ ನಾನೇ ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ಮುಳ್ಳು ನೋಡು. ಅದು ಬೀಳಲಿಲ್ಲ ಅಂದರೆ ರಿಪೇರಿ ಆಗಿದೆ ಅಂತ ಅರ್ಥ. ಬಿತ್ತು ಅಂದರೆ ದೋಷ ಕಾರಿನದ್ದು, ನನ್ನ ತಲೆಯದಲ್ಲ ಅಂತ ಅರ್ಥ. ಎರಡರಲ್ಲಿ ಯಾವುದಾದರೂ ಕೀ ನನ್ನದೇ."

ನಾಗರಾಜು ಬಹಳ ಹೊತ್ತು ಯೋಚಿಸಿ ಒಪ್ಪಿದ. ತರ್ಕದಲ್ಲಿ ಲೋಪವಿರಲಿಲ್ಲ. ಮೂರನೆಯದೊಂದು ಸಾಧ್ಯತೆ ಇರಬಹುದೆಂದು ನನಗೂ ಹೊಳೆಯಲಿಲ್ಲ.

ಹೊರಟೆವು. ರತ್ನ ಹಿಂದೆ ಕೂತಳು. ಸರಪಳಿ ರಸ್ತೆಯ ಮೇಲೆ ಝಣಝಣ ಎನ್ನುತ್ತ, ನಡುನಡುವೆ ಕಿಡಿ ಹಾರಿಸುತ್ತ ಬಂತು. ಬಲಕ್ಕೆ ತಿರುಗಿದಾಗಲೆಲ್ಲ ಭಕ್ತಿಗೀತೆ ತುಂಡುತುಂಡಾಗಿ ಹೊರಡುತ್ತಿತ್ತು. ಟೀ ಅಂಗಡಿಯ ಮುಂದೆ ಕೂತಿದ್ದ ಒಬ್ಬಾತ ಎದ್ದು ನಿಂತು ಕೂಗಿದ:

"ಮೇಷ್ಟ್ರೇ, ಹಸ ಎಲ್ ಬಿಟ್ರಿ? ಬರೀ ಸರಪಳಿ ಎಳ್ಕೊಂಡೋಯ್ತಾ ಇದ್ದೀರಿ!"

ನಾಗರಾಜು ಟವೆಲ್ಲನ್ನು ತಲೆಗೆ ಹಾಕಿಕೊಂಡು ಸೀಟಿನಲ್ಲಿ ಕೆಳಗೆ ಜಾರಿದ. "ಭಾವ, ಈ ರೋಡಲ್ಲಿ ನನ್ನ ಗಿರಾಕಿಗಳು ಓಡಾಡ್ತಾರೆ..."

"ನೀನು ಮುಳ್ಳು ನೋಡು."

ಮುಳ್ಳು ಕಂಬದಂತೆ ನಿಂತಿತ್ತು. ಬಯಲು ಬಂತು. ಎರಡೂ ಕಡೆ ನೀರು ಕಟ್ಟಿದ ಗದ್ದೆ, ಹೊಸ ನಾಟಿ. ನನ್ನ ಎದೆ ಉಬ್ಬಿತು. ಆಗ ರಸ್ತೆಯ ಉಬ್ಬೂ ಬಂತು. ಚಕ್ರಗಳು ಅದನ್ನು ದಾಟಿದವು; ಸರಪಳಿ ದಾಟಲಿಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡಿತು. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಪಟಾರೆಂದಿತು. ಮುಳ್ಳುಗಳೆಲ್ಲ ಒಟ್ಟಿಗೆ ಅಡ್ಡಬಿದ್ದವು, ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು!

"ಭಾವಾ! ಬಿತ್ತು! ಮುಳ್ಳು ಬಿತ್ತು!" ಎಂದು ನಾಗರಾಜು ಕಿರುಚಿದ.

ಇಷ್ಟು ದಿನದಲ್ಲಿ ಮೊದಲ ಸಲ ಇನ್ನೊಂದು ಜೊತೆ ಕಣ್ಣು ಅದನ್ನು ಕಂಡಿತ್ತು! ನನ್ನ ತಲೆ ಸರಿಯಾಗಿತ್ತು! ನಾನು ಅವನ ಕಡೆ ಪೂರ್ತಿ ತಿರುಗಿ, ಅವನ ಕೈಯನ್ನು ಆನಂದದಿಂದ ಹಿಡಿದುಕೊಂಡು ಕುಲುಕಿದೆ.

ಎರಡೂ ಕೈಗಳಿಂದ.

ಎಷ್ಟು ವೇಗದಲ್ಲಿ ಗದ್ದೆಗೆ ಇಳಿದೆವೆಂದು ಹೇಳಲಾರೆ. ಮೀಟರು ಸೊನ್ನೆ ತೋರಿಸುತ್ತಿತ್ತು.

ದೇವರ ದಯೆ, ಕೆಸರು ಮೆತ್ತಗಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ. ನಾಟಿ ಹಾಕುತ್ತಿದ್ದ ಹೆಂಗಸರು ಬೊಬ್ಬೆ ಹೊಡೆದುಕೊಂಡು ಬಂದರು. ಗದ್ದೆಯ ಒಡತಿ ಮಹದೇವಮ್ಮ ಸೀರೆ ಎತ್ತಿಕಟ್ಟಿ ಬೈಯುತ್ತ ಬಂದವಳು ನನ್ನ ಮುಖ ನೋಡಿ ನಿಂತಳು.

"ಅಯ್ಯೋ, ನಮ್ಮ ಮೇಷ್ಟ್ರು! ಪ್ರೇಯರಲ್ಲಿ ಸಾಲು ತಪ್ಪುದ್ರೆ ಬಿಸ್ಲಲ್ಲಿ ನಿಲ್ಲಿಸ್ತಿದ್ರಲ್ಲ ಸಾ ನಮ್ನ? ನೋಡಿ ಈಗ, ನಿಮ್ಮ ಕಾರು ನಾಕು ಸಾಲು ಮುಕ್ಬುಡ್ತು!"

ನಾನು ಪ್ಯಾಂಟು ಮಡಚಿ, ಪೈರು ಹಿಡಿದು ಆ ಸಾಲುಗಳನ್ನು ಮತ್ತೆ ನೆಡತೊಡಗಿದೆ. ಸೊಟ್ಟವಾಯಿತೆಂದು ಅವಳು ಕಿತ್ತು ನೆಟ್ಟಳು.

ನಾಗರಾಜುವಿನ ಫೋನಿಗೆ ಓಗೊಟ್ಟು ಸಿದ್ದರಾಜು ಬೈಕಿನಲ್ಲಿ ಬಂದೇ ಬಂದ. ಗದ್ದೆಯಲ್ಲಿ ಕಾರು ಎಂದರೆ ನೋಡಲು ಯಾರಿಗೆ ಆಸೆಯಿಲ್ಲ? ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಒಂದು ಕಪ್ಪು ವೈರು ಎಳೆದು ತೋರಿಸಿದ.

"ಇದೇ ಸಾ ಅರ್ತು. ಕಾರಿನ ಬಾಡಿಗೆ ಸ್ಕ್ರೂ ಆಕಿ ಬಿಗೀಬೇಕು. ಅಷ್ಟೇಯ. ನೀವು ಸರಪಳಿ ಬಿಗ್ದಾಗ ಇದೂ ಬಾಡಿಗೆ ಒತ್ಕಂಡು ಮುಳ್ಳು ನಿಂತಿತ್ತು. ನೆಲಕ್ಕಲ್ಲ ಸಾ, ಬಾಡಿಗೆ!"

"ಅದನ್ನು ಲೂಸು ಮಾಡಿದವರು ಯಾರು?" ಎಂದೆ ಹೆಡ್‌ಮಾಸ್ಟರ ಗತ್ತಿನಲ್ಲಿ.

ಅವನು ಆಕಾಶ ನೋಡಿದ. "ಹಾಡಿನ ಸೆಟ್ ಕೂರಿಸ್ವಾಗ ನಾನೇ ಬಿಚ್ಚಿದ್ದೆ ಅನ್ಸುತ್ತೆ ಸಾ. ಆಗ್ಲೇ ಯಾವ್ದೋ ಫೋನ್ ಬಂತು..."

ಮೊಣಕಾಲುದ್ದ ಕೆಸರಿನಲ್ಲಿ ನಿಂತವನಿಗೆ ಯಾರನ್ನು ತಾನೇ ಗದರಿಸಲು ಸಾಧ್ಯ?

ಟ್ರ್ಯಾಕ್ಟರು ಬಂದು ಕಾರನ್ನು ರಸ್ತೆಗೆ ಎಳೆದ ಮೇಲೆ ವಿಚಾರಣೆ ನಡೆಯಿತು. ನಾಗರಾಜು ಪ್ರಾಮಾಣಿಕವಾಗಿ ಸಾಕ್ಷಿ ನುಡಿದ: "ಅಕ್ಕ, ಕಣ್ಣಾರ ನೋಡ್ದೆ. ಮುಳ್ಳು ಬಿದ್ದಿದ್ದು ನಿಜ. ಭಾವನ ಕಣ್ಣೂ ಸರಿ, ತಲೆಯೂ ಸರಿ."

"ಸ್ಟೀರಿಂಗ್ ಬಿಟ್ಟ ಕೈ?" ಎಂದಳು ರತ್ನ.

ನಾನು ಸೋಲೊಪ್ಪಿಕೊಂಡು ಕೀಯನ್ನು ನಾಗರಾಜುವಿನ ಕಡೆ ಚಾಚಿದೆ. ಅವನ ಕೈಗೆ ಮುಟ್ಟುವ ಮೊದಲೇ ರತ್ನ ಅದನ್ನು ಕಸಿದುಕೊಂಡಳು.

"ಅವನಿಗ್ಯಾಕೆ? ಅವನೂ ಕೈ ಕೊಟ್ಕೊಂಡು ಕೂತಿದ್ನಲ್ಲ! ನನ್ಹತ್ರ ಲೈಸೆನ್ಸ್ ಇದೆ. ಕೀ ಒಂದು ಇರ್ಲಿಲ್ಲ."

ಈಗ ಕಾರು ಓಡಿಸುವುದು ಅವಳೇ. ನಾನು ಎಡಗಡೆ ಕೂರುತ್ತೇನೆ. ಮೀಟರು ಅತ್ಯುತ್ತಮ ಸ್ಥಿತಿಯಲ್ಲಿದೆ. ಮುಳ್ಳುಗಳು ಒಮ್ಮೆಯೂ ಬಿದ್ದಿಲ್ಲ. ಆದರೆ ಏನು ಪ್ರಯೋಜನ? ಆ ಹೆಂಗಸು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಹೊರಟಾಗಿನಿಂದ ಇಳಿಯುವ ತನಕ ಬರೀ ರಸ್ತೆಯನ್ನೇ ನೋಡಿಕೊಂಡು ಓಡಿಸುತ್ತಾಳೆ!