ಆರ್ಲಿನ್‌ನ ಗ್ಯಾರೇಜು ಬಾಗಿಲು ಮುಷ್ಕರ ಹೂಡಿದ್ದು

"ಈ ಮಿನ್ನೆಸೋಟದ ಚಳಿ ಯಾರನ್ನಾದ್ರೂ ಸೋಲಿಸಲಿ, ನನ್ನ ಗ್ಯಾರೇಜು ಬಾಗಿಲನ್ನ ಸೋಲಿಸೋಕಾಗಲ್ಲ! ಕಾಫಿ ಕುಡೀತಾ ಗುಂಡಿ ಒತ್ತಿದ್ರೆ ಸಾಕು, ಸಲಾಮು ಹೊಡೆದು ಮೇಲೆ ಹೋಗುತ್ತೆ!" ಎಂದು ಆರ್ಲಿನ್ ಟ್ವೈಟ್ ಅಕ್ಟೋಬರಿನಲ್ಲೇ ಬೀದಿಗೆಲ್ಲ ಸಾರಿದ್ದ. ಬರೀ ಸಾರಿದ್ದಲ್ಲ, ಟ್ರ್ಯಾಕ್ಟರಿನ ಗಾಲಿಗೆ ಹಾಕುವ ಗಟ್ಟಿ ಗ್ರೀಸನ್ನು ತಂದು ಬಾಗಿಲಿನ ಹಳಿಗಳಿಗೆಲ್ಲ ಧಾರಾಳವಾಗಿ ಮೆತ್ತಿದ್ದ.

ಜನವರಿ ಬಂತು. ಒಂದು ಶನಿವಾರ ಬೆಳಿಗ್ಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ! ಅವತ್ತೇ ಚರ್ಚಿನ ಔತಣ. ಆರ್ಲಿನ್‌ನ ಹೆಂಡತಿ ಲವಾನ್ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಬೇಯಿಸುವುದರಲ್ಲಿ ಚರ್ಚಿಗೇ ಮಹಾರಾಣಿ. ಆದರೆ ಅಲ್ಲಿಯ ಅಡುಗೆಮನೆಯ ದೊಡ್ಡ ಕಾವಲಿ ಮೊದಲು ಬಂದವರ ಪಾಲು. ಮದುವೆಯಾದಂದಿನಿಂದ ಲವಾನ್ ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಡವಾದರೆ ಕಾವಲಿ ಅವಳ ಹಳೇ ಪ್ರತಿಸ್ಪರ್ಧಿ ಥೋರಾಳ ಕೈಗೆ, ಲವಾನ್ ಕೈಗೆ ಆಲೂಗಡ್ಡೆ ಸಿಪ್ಪೆ!

"ಹೊರಡು ಮಾರಾಯ, ಥೋರಾ ಆಗ್ಲೇ ಏಪ್ರನ್ ಕಟ್ಟಿರ್ತಾಳೆ."

"ಮಹಾರಾಣಿಯವರು ಕಾರಿನಲ್ಲಿ ವಿರಾಜಮಾನರಾಗಲಿ!" ಎಂದು ಆರ್ಲಿನ್ ಗುಂಡಿ ಒತ್ತಿದ.

ಮೋಟಾರು ಗೊರ್ರೆಂದಿತು. ಬಾಗಿಲು ಒಮ್ಮೆ ನಡುಗಿ ಸುಮ್ಮನಾಯಿತು. ಹಿಂದಿನ ದಿನ ಕಾರಿನಿಂದ ಕರಗಿದ ಹಿಮ ಬಾಗಿಲಿನಡಿಗೆ ಹರಿದು ಕಲ್ಲಾಗಿ, ಕೆಳಗಿನ ರಬ್ಬರನ್ನು ನೆಲಕ್ಕೆ ಕಚ್ಚಿ ಹಿಡಿದಿತ್ತು. ಮೇಲೆ ಅವನ ಘನವಾದ ಗ್ರೀಸು ಇನ್ನಷ್ಟು ಘನವಾಗಿ ಕೂತಿತ್ತು!

"ಬಿಸಿನೀರು ಸುರಿದ್ರೆ ಬಿಡುತ್ತೆ," ಎಂದ ಆರ್ಲಿನ್.

"ಬೇಡ, ಇನ್ನೂ ಅಂಟುತ್ತೆ!"

"ಲೆಫ್ಸೆ ನಿನ್ನ ಇಲಾಖೆ, ಬಾಗಿಲು ನನ್ನದು!"

ಅಡುಗೆಮನೆಯಿಂದ ಕುದಿನೀರಿನ ಕೆಟಲು ತಂದು, ಪಕ್ಕದ ಸಣ್ಣ ಬಾಗಿಲಿಂದ ಹೊರಗೆ ಬಂದು ಪೂರ್ತಿ ಸುರಿದ. ಹಬೆ ಎದ್ದಿತು, ರಬ್ಬರು ಸಡಿಲವಾಯಿತು. ಗುಂಡಿ ಒತ್ತಲು ಓಡಬೇಕೆನ್ನುವಷ್ಟರಲ್ಲಿ ಎಲ್ಲ ಮತ್ತೆ ಮಂಜುಗಡ್ಡೆ! ಮೊದಲು ಬಾಗಿಲೊಂದೇ ಅಂಟಿತ್ತು. ಈಗ ಆರ್ಲಿನ್‌ನ ಎಡಗಾಲಿನ ಬೂಟೂ ಅಂಟಿತು. ಎಳೆದ ರಭಸಕ್ಕೆ ಕಾಲು ಬಂತು, ಬೂಟು ಬರಲಿಲ್ಲ.

"ಹಳೇ ಬಾಗಿಲಾಗಿದ್ರೆ..." ಎಂದಳು ಲವಾನ್, ಹಿಟ್ಟಿನ ಬುಟ್ಟಿ ಹಿಡಿದುಕೊಂಡು ಅವನ ಹಿಂದೆಯೇ ಹೊರಗೆ ಬಂದು.

ಆ ಮಾತಿಗೆ ಆರ್ಲಿನ್‌ಗೆ ಹಳೆಯದೆಲ್ಲ ನೆನಪಾಯಿತು. ಅದು ಅಪ್ಪನ ಕಾಲದ ಮರದ ಬಾಗಿಲು. ಪ್ರತಿ ಚಳಿಗಾಲ ಆರ್ಲಿನ್ ಅದಕ್ಕೆ ಹೆಗಲು ಕೊಟ್ಟು ಎತ್ತುತ್ತಿದ್ದ; ಲವಾನ್ ಕಾರು ಹೊರಗೆ ತಂದು ಸುಮ್ಮಸುಮ್ಮನೆ ಹಾರ್ನು ಹೊಡೆಯುತ್ತಿದ್ದಳು; ಅವನು ಜಾರುತ್ತ ಓಡಿ ಬಂದು ಹತ್ತಿದರೆ ತನ್ನ ಕೈಗವಸು ಬಿಚ್ಚಿ ಅವನ ಕಿವಿ ಉಜ್ಜುತ್ತಿದ್ದಳು. ಗುಂಡಿ ಒತ್ತುವ ಬಾಗಿಲು ಬಂದ ಮೇಲೆ ಕಿವಿ ತಣ್ಣಗಾಗುವುದು ನಿಂತಿತು, ಉಜ್ಜುವುದೂ ನಿಂತಿತು. ಎಂಥ ನಷ್ಟದ ವ್ಯಾಪಾರ ಮಾಡಿದೆ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು.

ಅಷ್ಟರಲ್ಲಿ ನೆರೆಮನೆಯ ಡೆಲ್ಮರ್ ಟ್ರಕ್ಕು ನಿಲ್ಲಿಸಿ ಕಿಟಕಿ ಇಳಿಸಿದ. "ಚರ್ಚಿಗೆ ತಾನೆ? ಬನ್ನಿ, ಬಿಡ್ತೀನಿ."

ಆ ಊರಿನ ಮರ್ಯಾದೆಯೇ ಬೇರೆ. ಯಾರಾದರೂ ನೆರವಿಗೆ ಬಂದರೆ ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ "ಇಷ್ಟು ಹೇಳ್ತೀಯಲ್ಲ" ಎಂದು ಒಪ್ಪಬೇಕು. ಮೊದಲ ಸಲಕ್ಕೇ ಒಪ್ಪಿದವರನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

"ಬೇಡಪ್ಪ, ಇಲ್ಲೆಲ್ಲ ಚೆನ್ನಾಗಿದೆ," ಎಂದ ಆರ್ಲಿನ್, ಬರೀ ಕಾಲುಚೀಲದಲ್ಲಿ ಕುಂಟುತ್ತ.

"ನಿಜವಾಗ್ಲೂ? ಥೋರಾ ಕಾರು ಈಗಷ್ಟೇ ಹೆದ್ದಾರಿ ಕಡೆ ಹೋಯ್ತು."

"ನಿನಗ್ಯಾಕೆ ತೊಂದ್ರೆ!" ಎಂದು ಹೇಳಿ ಆರ್ಲಿನ್ ಮೂರನೆಯ ಕೇಳಿಕೆಗೆ ತುಟಿ ಒರೆಸಿಕೊಂಡು ಸಿದ್ಧನಾದ. ಆದರೆ ಆ ಚಳಿಯಲ್ಲಿ ಕಿಟಕಿ ತೆರೆದುಕೊಂಡು ಯಾರು ತಾನೇ ಮೂರು ಸಲ ಕೇಳುತ್ತಾರೆ? "ಸರಿ ಹಾಗಾದ್ರೆ," ಎಂದು ಡೆಲ್ಮರ್ ಗಾಜು ಏರಿಸಿಬಿಟ್ಟ!

"ಡೆಲ್ಮರ್! ನಿಲ್ಸೋ, ನಾನು ಬರ್ತೀನಿ!" ಎಂದು ಲವಾನ್ ಕೂಗಿದಳು. ಬುಟ್ಟಿಯ ಸಮೇತ ಓಡಿ ಹತ್ತಿಯೇಬಿಟ್ಟಳು. "ಗಿರಣಿ ಹಿಂದಿನ ದಾರಿ ಹಿಡಿ, ಥೋರಾಗಿಂತ ಮುಂಚೆ ಸೇರ್ಬೇಕು!"

ಆರ್ಲಿನ್‌ಗೆ ಅವಮಾನವಾಯಿತು. ಕುಂಟಿಕೊಂಡು ಕಿಟಕಿಯ ಹತ್ತಿರ ಬಂದ. "ಮೂರನೇ ಸಲ ಕರೆಯೋಕ್ಮುಂಚೆ ಹತ್ತೋದಾ? ಮದುವೆ ಆಗ್ತೀಯಾ ಅಂತ ನಾನು ಕೇಳಿದಾಗ ಎಷ್ಟು ಮರ್ಯಾದಸ್ಥೆ ಆಗಿದ್ದೆ ನೀನು! ಎರಡು ಸಲ ಬೇಡ ಅಂದು, ಮೂರನೇ ಸಲ ಹೂಂ ಅಂದೆ!"

ಲವಾನ್ ಗಾಜನ್ನು ಬೆರಳಗಲ ಇಳಿಸಿದಳು.

"ಅಯ್ಯೋ ಹುಚ್ಚಪ್ಪ, ಆ ಎರಡು ಸಲ ನಿಜವಾಗ್ಲೂ ಬೇಡ ಅಂತಾನೇ ಅಂದಿದ್ದೆ! ಮೂರನೇ ಸಲ ಕೇಳಿದ್ದು ಇಂಥದ್ದೇ ಚಳೀಲಿ. ನಮ್ಮಪ್ಪನ ಅಂಗಳದಲ್ಲಿ ನೀನು ಮೂಗು ನೀಲಿ ಮಾಡ್ಕೊಂಡು ನಿಂತಿದ್ದೆ. ನಾನು ಹೂಂ ಅನ್ನದೇ ಹೋಗಿದ್ರೆ ನೀನು ಅಲ್ಲೇ ಹೆಪ್ಪುಗಟ್ಟಿ ಹೋಗ್ತಿದ್ದೆ! ಒಳಗೆ ಹೋಗು, ಮೂಗು ಮತ್ತೆ ನೀಲಿ ಆಗ್ತಿದೆ."